ಚದರಡಿ ಲೆಕ್ಕದ ಕಲೆ

ಬೆಂಗಳೂರಿನ ಯಾವುದಾದರೂ ಅಂಡರ್‌ಪಾಸಿನಲ್ಲಿ ವಾಹನಗಳ ಸಾಲು ನಿಂತಾಗ ಪಕ್ಕದ ಗೋಡೆಯನ್ನು ಸ್ವಲ್ಪ ಗಮನಿಸಿ. ಹಂಪಿಯ ಕಲ್ಲಿನ ರಥ ಇರುತ್ತದೆ, ಯಕ್ಷಗಾನದ ಕಿರೀಟ ಇರುತ್ತದೆ, ಹುಲಿಯೋ ಆನೆಯೋ ಇದ್ದೇ ಇರುತ್ತದೆ. ಹಿಂದಿನ ಮಣ್ಣಿನಲ್ಲಿ ನಿಂತ ನೀರು ಬಸಿದುಹೋಗಲೆಂದು ಇಂಥ ತಡೆಗೋಡೆಗಳಲ್ಲಿ ಸಾಲಾಗಿ ತೂತು ಬಿಟ್ಟಿರುತ್ತಾರೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ತೂತುಗಳಿಂದ ಕಂದು ನೀರಿಳಿದು ಹುಲಿಯ ಮುಖದ ಮೇಲೆ ಉದ್ದುದ್ದ ಗೆರೆ ಬೀಳುತ್ತದೆ. ಎರಡನೆಯದಕ್ಕೆ ಬಣ್ಣ ಹಪ್ಪಳದಂತೆ ಏಳುತ್ತದೆ. ಹೀಗಾಗುತ್ತದೆಂದು ಆ ಚಿತ್ರ ಬರೆದವನಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಗೋಡೆ ಮುಟ್ಟಿ ನೋಡಿದರೆ ತೇವ ಎಲ್ಲಿದೆ ಎಂದು ಹೇಳಬಲ್ಲವನು ಅವನು. ಅವನನ್ನು ಯಾರೂ ಕೇಳಿರುವುದಿಲ್ಲ, ಅಷ್ಟೆ. ಎಷ್ಟು ಚದರಡಿ, ಎಷ್ಟು ದಿನ, ಎಷ್ಟು ದುಡ್ಡು ಎನ್ನುವಲ್ಲಿಗೆ ಮಾತು ಮುಗಿದಿರುತ್ತದೆ.

ನಮ್ಮ ಊರಿನಲ್ಲಿ ಗೋಡೆಗೆ ಬಣ್ಣ ಬೀಳುತ್ತಿದೆ. ಸಾರ್ವಜನಿಕ ಕಲಾ ಕಾರ್ಯಕ್ರಮ ಎಂಬುದು ಇಲ್ಲ. ಇವೆರಡೂ ಒಂದೇ ಎಂದು ಪಾಲಿಕೆ ನಂಬಿದೆ, ನಾವೂ ನಂಬಿದ್ದೇವೆ. ಸ್ಥಳೀಯ ಕಲಾವಿದರ ಕೈಗೆ ಕೆಲಸ ಸಿಕ್ಕರೂ ಬದುಕು ಸಿಗದಿರುವುದಕ್ಕೆ ಈ ನಂಬಿಕೆಯೇ ಕಾರಣ ಎಂಬುದು ನನ್ನ ವಾದ.

2009ರ ಕಥೆ ನೆನಪಿಸಿಕೊಳ್ಳೋಣ. ಆ ವರ್ಷ ಬಿಬಿಎಂಪಿ ಮುಖ್ಯರಸ್ತೆಗಳ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಿತು. ಭಿತ್ತಿಪತ್ರ ಅಂಟಿಸುವವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲುವವರನ್ನೂ ದೂರ ಇಡುವುದು ಮುಖ್ಯ ಉದ್ದೇಶ. ಕಲೆ ಆಮೇಲಿನ ಮಾತು. ಆ ಕೆಲಸಕ್ಕೆ ಬಂದವರು ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಫ್ಲೆಕ್ಸ್ ಮುದ್ರಣ ಬಂದು ಅವರ ಕಸುಬನ್ನು ಕೆಲವೇ ವರ್ಷಗಳಲ್ಲಿ ನುಂಗಿ ಹಾಕಿತ್ತು. ಅದು ಎಂಥ ವಿದ್ಯೆ ಎನ್ನುವುದು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ಅಂಗೈ ಅಗಲದ ಫೋಟೊ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿಕೊಳ್ಳಬೇಕು. ಅದೇ ಚೌಕಗಳನ್ನು ಮೂವತ್ತು ನಲವತ್ತು ಅಡಿಯ ಬಟ್ಟೆಯ ಮೇಲೆ ಸೀಮೆಸುಣ್ಣದ ದಾರದಿಂದ ಹೊಡೆದು ಹಿಗ್ಗಿಸಬೇಕು. ಸಾರುವೆ ಮೇಲೆ ನಿಂತು ಬರೆಯುವಾಗ ಕಣ್ಣೆದುರು ಕಾಣುವುದು ಬರೀ ಗುಲಾಬಿ, ಹಳದಿ, ನೀಲಿಯ ದಪ್ಪ ಪಟ್ಟೆಗಳು. ಕೆಳಗಿಳಿದು ರಸ್ತೆ ದಾಟಿ ತಿರುಗಿ ನೋಡಿದರೆ ಅದು ರಾಜ್‌ಕುಮಾರ್ ಕೆನ್ನೆಯಾಗಿರಬೇಕು. ದೂರದಿಂದ, ಓಡುವ ಬಸ್ಸಿನ ಕಿಟಕಿಯಿಂದ ಚಿತ್ರ ಹೇಗೆ ಕಂಡೀತು ಎಂಬ ಲೆಕ್ಕ ತಲೆಯಲ್ಲೇ ಇರುವ ಜನ ಇವರು. ಸಾರ್ವಜನಿಕ ಕಲೆಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಅಂಥವರನ್ನು ಕರೆದದ್ದು ಪಾಲಿಕೆಯ ಒಳ್ಳೆಯ ಬುದ್ಧಿ. ಬರೆಸಿದ್ದು ಮಾತ್ರ ಜಲಪಾತ, ಕಾಡುಪ್ರಾಣಿ, ಪಾರಂಪರಿಕ ಕಟ್ಟಡ. ಕ್ಯಾಲೆಂಡರ್ ಚಿತ್ರ ಎಂದು ನಗರದ ಕಲಾವಲಯದಲ್ಲಿ ಹಲವರು ಮೂಗು ಮುರಿದರು. ಆಗ ಮೂಗು ಮುರಿದವರು ಬೈಯಬೇಕಿದ್ದದ್ದು ಕೆಲಸದ ಆದೇಶವನ್ನು, ಬರೆದವರ ಕೈಯನ್ನಲ್ಲ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಊರಿನ ಫ್ಲೆಕ್ಸ್‌ಗಳೆಲ್ಲ ಇಳಿದವು. ಇನ್ನಾದರೂ ಕುಂಚದವರಿಗೆ ಕಾಲ ಬಂತು ಎಂದುಕೊಂಡವರಿದ್ದರು. ಬರಲಿಲ್ಲ. ಫ್ಲೆಕ್ಸ್ ಮಾತ್ರ ಹಬ್ಬಕ್ಕೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಮತ್ತೆ ಮತ್ತೆ ಬರುತ್ತಲೇ ಇದೆ.

ಎಡವಟ್ಟು ಇರುವುದು ಕಲೆಯನ್ನು ಕೊಳ್ಳುವ ರೀತಿಯಲ್ಲಿ. ನಮ್ಮಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ. ಎಂಜಿನಿಯರುಗಳ ಬಾಯಲ್ಲಿ ಅದು ಕೆಟಿಪಿಪಿ. ಚರಂಡಿ, ಡಾಂಬರು, ದೀಪದ ಕಂಬಕ್ಕೆ ಅದು ಸರಿಯಾದ ಕಾಯ್ದೆಯೇ. ಕಡಿಮೆ ದರ ಕೂಗಿದವನಿಗೆ ಕೆಲಸ. ಮೇಲ್ಸೇತುವೆಯ ಅಂದಾಜುಪಟ್ಟಿಯ ಕೊನೆಯಲ್ಲಿ ಸುಂದರೀಕರಣ ಎಂಬ ಒಂದು ಸಾಲಾಗಿ ಚಿತ್ರವೂ ಸೇರಿದರೆ, ಅದಕ್ಕೂ ಚದರಡಿ ದರ ನಿಗದಿಯಾಗುತ್ತದೆ. ಟೆಂಡರ್ ಹಾಕಲು ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕು, ಗುತ್ತಿಗೆದಾರನ ಪರವಾನಗಿ ಬೇಕು, ಹಿಂದಿನ ವರ್ಷಗಳ ವಹಿವಾಟು ತೋರಿಸಬೇಕು. ಕೆನ್ ಕಲಾಶಾಲೆಯಲ್ಲೋ ಮೈಸೂರಿನ ಕಾವಾದಲ್ಲೋ ಕಲಿತು ಬಂದ ಇಪ್ಪತ್ತೈದರ ಹುಡುಗಿಯ ಹತ್ತಿರ ಇವೆಲ್ಲ ಎಲ್ಲಿಂದ ಬರಬೇಕು? ಸಿಮೆಂಟಿನ ಗುತ್ತಿಗೆದಾರ ಕೆಲಸ ಹಿಡಿಯುತ್ತಾನೆ. ಅವನ ಕೆಳಗೊಬ್ಬ, ಆ ಕೆಳಗಿನವನ ಕೆಳಗೆ ಕಲಾವಿದೆ. ಮೇಲಿನಿಂದ ಇಳಿಯುತ್ತ ಬಂದ ದುಡ್ಡಿನಲ್ಲಿ ಪ್ರೈಮರ್‌ಗೆ ಉಳಿದರೆ ಅದೇ ಪುಣ್ಯ. ಅಳತೆ ಪುಸ್ತಕದಲ್ಲಿ ಹುಲಿ ಎಂದು ಬರೆಯುವ ಕಾಲಂ ಇಲ್ಲ. ಉದ್ದ, ಅಗಲ, ಗುಣಿಸು.

ಬೇರೆ ಊರಿನವರು ಏನು ಮಾಡುತ್ತಾರೆ? ಅಮೆರಿಕದ ಸಿಯಾಟಲ್ ಅನ್ನು ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಮಂದಿ ತುಂಬಿರುವ ಸೀಮೆ ಅದು, ಹಲವರಿಗೆ ಪರಿಚಿತ. ಜನಸಂಖ್ಯೆ ಏಳೂವರೆ ಲಕ್ಷದ ಆಸುಪಾಸು, ನಮ್ಮ ಕೆಲವು ವಿಧಾನಸಭಾ ಕ್ಷೇತ್ರಗಳನ್ನು ಕೂಡಿಸಿದಷ್ಟು. 1973ರಲ್ಲಿ ಆ ನಗರ ಒಂದು ಕಾನೂನು ಮಾಡಿತು: ನಗರಾಡಳಿತ ಕೈಗೊಳ್ಳುವ ಅರ್ಹ ಕಾಮಗಾರಿಗಳ ವೆಚ್ಚದಲ್ಲಿ ಶೇ 1ರಷ್ಟು ಕಲೆಗೆ ಮೀಸಲು. ಫಿಲಡೆಲ್ಫಿಯಾ ಇದನ್ನು 1959ರಲ್ಲೇ ಶುರು ಮಾಡಿತ್ತು. ನಮ್ಮ ಲೆಕ್ಕಕ್ಕೆ ತಂದು ಹೇಳುವುದಾದರೆ, ನೂರು ಕೋಟಿಯ ಮೇಲ್ಸೇತುವೆ ಕಟ್ಟಿದಾಗ ಒಂದು ಕೋಟಿ ಕಲೆಗೆ. ಆ ದುಡ್ಡಿಗಾಗಿ ವರ್ಷವರ್ಷ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಕಾಮಗಾರಿ ಹುಟ್ಟಿದಾಗಲೇ ಅದರ ಜೊತೆ ಹುಟ್ಟುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಆ ದುಡ್ಡು ಕಲಾವಿದರ ತನಕ ಹೋಗುವ ದಾರಿ. ಅಲ್ಲಿ ಕೆಲಸವೊಂದು ಬಂದಾಗ ಬಹಿರಂಗ ಆಹ್ವಾನ ಹೊರಡುತ್ತದೆ. ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಕೇಳುವುದು ಹಿಂದೆ ಮಾಡಿದ ಕೆಲಸಗಳ ಚಿತ್ರ, ಜೊತೆಗೆ ಒಂದು ಪುಟದ ಟಿಪ್ಪಣಿ. ವಿನ್ಯಾಸ ಕೇಳುವುದಿಲ್ಲ. ಕಲಾವಿದರೂ ಆ ಬಡಾವಣೆಯವರೂ ಸೇರಿದ ಸಮಿತಿ ಕೂತು ಕೆಲವರನ್ನು ಆರಿಸುತ್ತದೆ. ಹೀಗೆ ಆಯ್ಕೆಯಾದವರು ವಿನ್ಯಾಸ ಮಾಡಬೇಕು, ಅದಕ್ಕೆ ಅವರಿಗೆ ಸಂಭಾವನೆ ಉಂಟು. ಕೆಲಸ ಸಿಗಲಿ ಬಿಡಲಿ, ತಲೆ ಓಡಿಸಿದ್ದಕ್ಕೆ ದುಡ್ಡು. ನಮ್ಮಲ್ಲಿ ಇದೇ ಕೆಲಸ ‘ಚಿತ್ರ ವಿನ್ಯಾಸ ಸ್ಪರ್ಧೆ’ ಎಂಬ ಹೆಸರಿನಲ್ಲಿ ನಡೆಯುತ್ತದೆ: ನೂರಾರು ಜನ ಪುಕ್ಕಟೆ ವಿನ್ಯಾಸ ಕಳಿಸುತ್ತಾರೆ, ಗೆದ್ದವರಿಗೆ ಪ್ರಮಾಣಪತ್ರ ಮತ್ತು ಸಣ್ಣ ಬಹುಮಾನ. ಬಂದ ವಿನ್ಯಾಸಗಳ ಹಕ್ಕೆಲ್ಲ ಆಯೋಜಕರದ್ದು ಎಂದು ಷರತ್ತುಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇದಕ್ಕೆ ಪ್ರೋತ್ಸಾಹ ಎಂದು ಹೆಸರು.

ಸಿಯಾಟಲ್‌ನಲ್ಲಿ ಎಲ್ಲವೂ ಗೋಡೆಯ ಮೇಲೇ ಇಲ್ಲ ಎನ್ನುವುದನ್ನೂ ಹೇಳಬೇಕು. 1976ರಲ್ಲಿ ಆನ್ ನೈಟ್ ಎಂಬ ಕಲಾವಿದೆ ಮ್ಯಾನ್‌ಹೋಲ್ ಮುಚ್ಚಳಕ್ಕೆ ವಿನ್ಯಾಸ ಮಾಡಿದರು. ಎರಕದ ಕಬ್ಬಿಣದಲ್ಲಿ ಊರಿನ ನಡುಭಾಗದ ನಕ್ಷೆಯೇ ಉಬ್ಬಾಗಿ ಮೂಡಿದೆ. ದಾರಿ ತಪ್ಪಿದವರು ಕಾಲಕೆಳಗೆ ನೋಡಿಕೊಂಡರೆ ಸಾಕು. ಒಂದು ರಸ್ತೆಯ ಪಾದಚಾರಿ ಮಾರ್ಗದಲ್ಲಿ ಕಂಚಿನ ಹೆಜ್ಜೆಗುರುತುಗಳಿವೆ. ಅದರ ಮೇಲೆ ಕಾಲಿಟ್ಟು ನಡೆದರೆ ನೃತ್ಯದ ಹೆಜ್ಜೆಗಳು ಬರುತ್ತವೆ. ಸಾಗಿಸಬಲ್ಲ ಚಿಕ್ಕ ಕೃತಿಗಳನ್ನು ಕೊಂಡು ನಗರಾಡಳಿತದ ಕಚೇರಿಗಳಲ್ಲಿ ಸರದಿಯ ಮೇಲೆ ಹಾಕುತ್ತಾರೆ. ಸಾರುವೆ ಹತ್ತಲಾರದ ವಯಸ್ಸಿನ ಕಲಾವಿದರಿಗೂ ಹೀಗೆ ಪಾಲು ಸಿಗುತ್ತದೆ. ನಮ್ಮ ಮ್ಯಾನ್‌ಹೋಲ್‌ಗಳಿಗೆ ಮೊದಲು ಮುಚ್ಚಳ ಇರಲಿ ಎನ್ನುತ್ತೀರಾ? ಅದಕ್ಕೆ ಆಮೇಲೆ ಬರುತ್ತೇನೆ.

ಇದೆಲ್ಲ ಪರದೇಶದ ಮಾತು, ನಮಗೆ ಒಗ್ಗದು ಎನ್ನುವವರು ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಿ ಗೋಡೆ ನೋಡಬೇಕು. ದಸರಾ ಮೆರವಣಿಗೆಯ 26 ಚಿತ್ರಗಳು ಅಲ್ಲಿವೆ. ಮೈಸೂರಿನ ಕಲಾವಿದರೇ ವರ್ಷಗಟ್ಟಲೆ ಕೂತು ಬರೆದದ್ದು. ಮೆರವಣಿಗೆಯ ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡಿದ್ದರಿಂದ ಗುಂಪಿನೊಳಗಿನ ಮುಖಗಳೂ ನಿಜದ ಮುಖಗಳೇ. ಆ ಕೆಲಸಕ್ಕೆ ಬೇಕಾದ ಕಾಲವನ್ನು ಕೊಟ್ಟವರಿದ್ದರು. ಉದ್ಘಾಟನೆಗೆ ಹದಿನೈದು ದಿನ ಇದೆ, ಬೇಗ ಮುಗಿಸಿ ಎಂದು ಅವಸರಿಸುವವರು ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಅವರೂ ಸರ್ಕಾರಿ ಕಟ್ಟಡಗಳಲ್ಲಿ ನಮ್ಮ ಕಲಾವಿದರ ಕೃತಿಗಳು ಇರಬೇಕೆಂದು ಒತ್ತಿ ಹೇಳಿದ್ದರು. ದೆಹಲಿಯ ರಿಸರ್ವ್ ಬ್ಯಾಂಕಿನ ಮುಂದೆ ರಾಮಕಿಂಕರ್ ಬೈಜ್ ಕಡೆದ ಯಕ್ಷ ಯಕ್ಷಿಯರು ನಿಂತಿರುವುದು ಆ ಒತ್ತಾಸೆಯ ಫಲ. ಕಲ್ಲು ಹುಡುಕಿಕೊಂಡು ಹಿಮಾಲಯದ ತಪ್ಪಲಿನ ಕಾಂಗ್ರಾ ಸೀಮೆಯ ತನಕ ಹೋಗಿದ್ದರು ಅವರು. ಕೆಲಸ ಮುಗಿದದ್ದು 1967ರಲ್ಲಿ, ಹೇಳಿದ್ದಕ್ಕಿಂತ ಬಹಳ ತಡವಾಗಿ. ಇವತ್ತಿನ ಟೆಂಡರ್ ಆಗಿದ್ದರೆ ದಿನಕ್ಕಿಷ್ಟು ದಂಡ ಬೀಳುತ್ತಿತ್ತು.

ಬೆಂಗಳೂರಿನಲ್ಲಿ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಸೃಷ್ಟಿ ಕಲಾ ಸಂಸ್ಥೆಯವರು ಮೆಟ್ರೋ ನಿಗಮದೊಂದಿಗೆ ಸೇರಿ ಪೀಣ್ಯ ನಿಲ್ದಾಣದಲ್ಲೂ ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲೂ ಮಾಡಿದ ಕೆಲಸ ಗಂಭೀರವಾದದ್ದು. ಎಂ.ಜಿ. ರಸ್ತೆ ಮೆಟ್ರೋ ಕೆಳಗೆ ರಂಗೋಲಿ ಕಲಾ ಕೇಂದ್ರ ಬಂತು. 2016ರಲ್ಲಿ ಇಲ್ಲೇ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರ ಕೈಗೆ ಕುಂಚ ಕೊಟ್ಟು ದೇಶದ ಬೇರೆ ಬೇರೆ ಊರುಗಳ ಗೋಡೆಗಳ ತನಕ ಕರೆದೊಯ್ದಿತು. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಸಂತೆ ವರ್ಷಕ್ಕೊಮ್ಮೆ. ಉಳಿದವೂ ಅಷ್ಟೆ, ಒಬ್ಬ ಅಧಿಕಾರಿಯ ಆಸಕ್ತಿ, ಒಂದು ಸಂಸ್ಥೆಯ ಹಠ, ಒಂದು ಕಂಪನಿಯ ಸಿಎಸ್‌ಆರ್ ದುಡ್ಡು ಇರುವ ತನಕ. ಅಧಿಕಾರಿಗೆ ವರ್ಗವಾದರೆ ಕಡತಕ್ಕೂ ವರ್ಗವಾಗುತ್ತದೆ, ಕಪಾಟಿಗೆ.

ಶಿಲ್ಪಿಗಳ ಕಷ್ಟ ಇನ್ನೂ ಬೇರೆ. ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿದೆ. ವೃತ್ತ ವೃತ್ತಕ್ಕೂ ಪ್ರತಿಮೆ ನಿಲ್ಲಿಸುವ ಪೈಪೋಟಿ ನೋಡಿದವರಿಗೆ ಅದು ಸರಿ ಎನಿಸುತ್ತದೆ. ಹಾಗಾಗಿ ಶಿಲ್ಪಿಗಳಿಗೆ ಉಳಿಯುವ ಜಾಗವೆಂದರೆ ಉದ್ಯಾನ, ಕೆರೆ ಏರಿ, ಆಸ್ಪತ್ರೆ, ಬಸ್ ನಿಲ್ದಾಣದ ಅಂಗಳ. ಅಲ್ಲಿಗೂ ಕರೆ ಬರುವುದು ಮಹನೀಯರ ಪ್ರತಿಮೆಗೆ ಮಾತ್ರ. ಮಗು ಹತ್ತಿ ಕೂರಬಹುದಾದ ಕಲ್ಲಿನ ಆಮೆಯನ್ನೋ ಮುದುಕರು ಒರಗಬಹುದಾದ ಆಸನವನ್ನೋ ಮಾಡಿಕೊಡಿ ಎಂದು ನಮ್ಮ ಶಿಲ್ಪಿಗಳನ್ನು ಕೇಳುವವರಿಲ್ಲ.

ಇನ್ನು ಕಲಾವಿದರು ಕಿವಿಗೊಡಬೇಕಾದ ಮಾತು. ಕೆಲಸ ಸಿಕ್ಕ ಸಂತೋಷದಲ್ಲಿ ಕಾಗದ ಓದದೆ ಸಹಿ ಹಾಕುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಎಷ್ಟೋ ಸಲ ಕಾಗದವೇ ಇರುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಅಷ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಕೃತಿಸ್ವಾಮ್ಯ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರಿಗೇ ಹೋಗುತ್ತದೆ. ನಿಮ್ಮ ಗೋಡೆಚಿತ್ರ ನಾಳೆ ಯಾರದೋ ಜಾಹೀರಾತಿನಲ್ಲಿ, ಟೀ ಶರ್ಟಿನ ಮೇಲೆ ಕಂಡರೆ ಪಾಲು ಕೇಳಬೇಕೆಂದಿದ್ದರೆ ಅದನ್ನು ಮೊದಲೇ ಬರೆಸಿಕೊಂಡಿರಬೇಕು. ಹಾಗಿದ್ದೂ 57ನೇ ಸೆಕ್ಷನ್ ಒಂದು ಹಕ್ಕನ್ನು ಕಲಾವಿದರಲ್ಲೇ ಉಳಿಸಿದೆ. ಕೃತಿ ಮಾರಿದ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಅದು. ತನ್ನ ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು.

ಈ ಸೆಕ್ಷನ್‌ಗೆ ಜೀವ ತುಂಬಿದ್ದು ಶಿಲ್ಪಿ ಅಮರ್‌ನಾಥ್ ಸೆಹಗಲ್. ದೆಹಲಿಯ ವಿಜ್ಞಾನ ಭವನಕ್ಕಾಗಿ ಅವರು ಕಂಚಿನ ಭಿತ್ತಿಶಿಲ್ಪವೊಂದನ್ನು ಮಾಡಿದರು, 140 ಅಡಿ ಉದ್ದ, 40 ಅಡಿ ಎತ್ತರದ್ದು. 1957ರಲ್ಲಿ ಒಪ್ಪಿಸಿದ ಕೆಲಸ, 1962ರಲ್ಲಿ ಮುಗಿಯಿತು. 1979ರಲ್ಲಿ ಕಟ್ಟಡದ ನವೀಕರಣ ಎಂದು ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಶಿಲ್ಪಿಗೆ ಒಂದು ಮಾತು ಹೇಳಲಿಲ್ಲ, ತುಂಡುಗಳೂ ಕಳೆದವು. ಸೆಹಗಲ್ ಕಾಗದ ಬರೆದು ಬರೆದು ಸೋತು ಕೋರ್ಟಿಗೆ ಹೋದರು. 2005ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು: ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ. ಕಿತ್ತು ಹಾಕಿದ್ದರಿಂದ ತೀರ್ಪಿನ ತನಕ 26 ವರ್ಷ. ಈ ತೀರ್ಪನ್ನೇ ನೆಚ್ಚಿಕೊಂಡು ಕೂರುವ ಹಾಗೂ ಇಲ್ಲ. ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕೆಡವಿದಾಗ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ಇದೇ ಹಕ್ಕು ಮುಂದಿಟ್ಟರು. 2019ರಲ್ಲಿ ಅದೇ ಹೈಕೋರ್ಟ್ ಒಪ್ಪಲಿಲ್ಲ, ಕಟ್ಟಡ ಕೆಡವುವ ಹಕ್ಕು ಮಾಲೀಕರದ್ದು ಎಂದಿತು. ಆದ್ದರಿಂದ ಗೋಡೆ ಒಡೆಯುವ ಮುನ್ನ, ಚಿತ್ರದ ಮೇಲೆ ಸುಣ್ಣ ಬಳಿಯುವ ಮುನ್ನ ನನಗೆ ಇಷ್ಟು ದಿನ ಮೊದಲು ತಿಳಿಸಬೇಕು ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಹಾಕಿಸಿ. ಮುಂಗಡ ಕೇಳಿ. ಬಣ್ಣದ ದುಡ್ಡು ಬೇರೆ, ದುಡಿಮೆಯ ದುಡ್ಡು ಬೇರೆ ತೋರಿಸಿ. ಸಾರುವೆ ಮೇಲೆ ಹತ್ತುವ ಪ್ರತಿಯೊಬ್ಬರಿಗೂ ಅಪಘಾತ ವಿಮೆ ಯಾರು ಮಾಡಿಸುತ್ತಾರೆ ಎಂದು ಬರೆಸಿ. ಅನುಮತಿಯ ಕಾಗದ ಕೈಯಲ್ಲಿಲ್ಲದೆ ಕುಂಚ ಎತ್ತಬೇಡಿ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಬರೆಯುವುದು 1981ರ ವಿರೂಪ ತಡೆ ಕಾಯ್ದೆಯಡಿ ಅಪರಾಧ.

ರಸ್ತೆ ಗುಂಡಿ ಮುಚ್ಚಲು ದುಡ್ಡಿಲ್ಲ, ಕಲೆಗೆಲ್ಲಿಂದ ತರೋಣ? ಈ ಪ್ರಶ್ನೆ ಬಂದೇ ಬರುತ್ತದೆ, ಬರಲೂ ಬೇಕು. ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ಮೈಸೂರಿನಿಂದ ಬಂದ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಳಗೆ ಅವರು ಮೊಸಳೆ ತಂದು ಕೂರಿಸಿದರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರೊಬ್ಬರನ್ನು ನಡೆಸಿ, ಚಂದ್ರಯಾನದ ದಿನಗಳಲ್ಲೇ ಚಂದ್ರನ ನೆಲ ತೋರಿಸಿದರು. ಎರಡೂ ಸಲ ಪಾಲಿಕೆಯ ಲಾರಿ ಓಡೋಡಿ ಬಂತು. ಅಂದಮೇಲೆ ಕಲೆ ರಸ್ತೆಯ ದುಡ್ಡು ತಿನ್ನುತ್ತದೆ ಎನ್ನುವುದು ಅಷ್ಟು ಸರಳ ಮಾತಲ್ಲ. ಆದರೂ ಆಕ್ಷೇಪದಲ್ಲಿ ನ್ಯಾಯ ಇದೆ. ಸಿಯಾಟಲ್‌ನಲ್ಲೂ ವಿದ್ಯುತ್ ಬಿಲ್ ಕಟ್ಟುವವರು ನಮ್ಮ ದುಡ್ಡಿನಲ್ಲಿ ಕಲೆ ಏಕೆ ಎಂದು ಕೋರ್ಟಿಗೆ ಹೋಗಿದ್ದರು. ವಿದ್ಯುತ್ ಸಂಸ್ಥೆಯ ಕೆಲಸಕ್ಕೆ ಹತ್ತಿರದ ನಂಟಿರುವ ಕಲೆಗೆ ಮಾತ್ರ ಆ ದುಡ್ಡು ಬಳಸಬಹುದು ಎಂಬ ಮಿತಿ ಬಂತು. ನಮ್ಮಲ್ಲೂ ಅಂಥ ಮಿತಿ ಇರಲಿ. ಗುಂಡಿ ಮುಚ್ಚುವ ನಿರ್ವಹಣೆಯ ಅನುದಾನಕ್ಕೆ ಕೈ ಹಾಕುವುದು ಬೇಡ. ಹೊಸದಾಗಿ ಕಟ್ಟುವ ದೊಡ್ಡ ಕಾಮಗಾರಿಗಳಿಗೆ ಮಾತ್ರ ಶೇ 1, ಅದರಲ್ಲೊಂದು ಪಾಲು ಮುಂದಿನ ವರ್ಷಗಳ ದುರಸ್ತಿಗೆಂದೇ ಮೀಸಲು.

ಸ್ಥಳೀಯ ಕಲಾವಿದರು ಎಂದರೆ ಯಾರು ಎಂಬ ಜಗಳ ಶುರುವಾಗುವ ಮೊದಲೇ ಒಂದು ಮಾತು. ಕಲಬುರಗಿ, ದಾವಣಗೆರೆ, ಧಾರವಾಡದ ಕಲಾಶಾಲೆಗಳಲ್ಲಿ ಕಲಿತವರು ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ಒಂಟಿ ಕೋಣೆ ಹಿಡಿದು ಇಂಟೀರಿಯರ್ ಕಂಪನಿಗಳಿಗೆ ಬುದ್ಧನ ಮುಖ ಬರೆದುಕೊಡುತ್ತಿದ್ದಾರೆ. ಅವರೂ ಸ್ಥಳೀಯರೇ. ವಾಸದ ದೃಢೀಕರಣ ಪತ್ರ ಕೇಳಿ ಅವರನ್ನು ನಾಡಕಚೇರಿಗೆ ಅಲೆದಾಡಿಸಿದರೆ ಕಾರ್ಯಕ್ರಮ ಹುಟ್ಟುವ ಮೊದಲೇ ಕೆಟ್ಟಂತೆ. ಬೋರ್ಡ್ ಬರೆಯುವ ಪೇಂಟರುಗಳು, ತೊಗಲುಗೊಂಬೆಯವರು, ಬಿದರಿಯವರು ಆಹ್ವಾನ ಓದಿ ಅರ್ಜಿ ಹಾಕುವಂತೆ ಅದು ಕನ್ನಡದಲ್ಲಿ, ಎರಡು ಪುಟದೊಳಗೆ ಇರಬೇಕು.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಪಾಲಿಕೆ ಎಂದರೆ ಹೊಸ ನಿಯಮ ಬರೆಯಲು ಅವಕಾಶ. ಐದೂ ಒಟ್ಟಿಗೆ ಮಾಡಬೇಕೆಂದೇನಿಲ್ಲ. ಒಂದೇ ಪಾಲಿಕೆ ತನ್ನ ಬಜೆಟ್ಟಿನಲ್ಲಿ ಸುಂದರೀಕರಣದ ಸಾಲನ್ನು ತೆಗೆದು ಸಾರ್ವಜನಿಕ ಕಲೆ ಎಂಬ ಲೆಕ್ಕಶೀರ್ಷಿಕೆ ಹಾಕಲಿ. ಕೆಟಿಪಿಪಿ ಕಾಯ್ದೆಯ 4(ಜಿ) ಅಡಿ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದ್ದೇ ಇದೆ, ಬೇರೆ ಬೇರೆ ಕಾರಣಗಳಿಗೆ ಅದನ್ನು ಧಾರಾಳವಾಗಿ ಬಳಸುತ್ತಲೂ ಇದೆ. ಕಲಾವಿದರ ಆಯ್ಕೆಗೆ ಬಳಸಿದರೆ ಯಾರೂ ತಕರಾರು ಮಾಡಲಾರರು. ಲಲಿತಕಲಾ ಅಕಾಡೆಮಿಯೂ ಶಿಲ್ಪಕಲಾ ಅಕಾಡೆಮಿಯೂ ಆಯ್ಕೆ ಸಮಿತಿಗೆ ಹೆಸರು ಕೊಡಲಿ, ಕಲಾವಿದರ ಪಟ್ಟಿ ಇಡಲಿ.

ಓದುಗರಿಗೂ ಒಂದು ಕೆಲಸ ಇದೆ. ನಿಮ್ಮ ಬಡಾವಣೆಯ ಗೋಡೆಗೆ ಚಿತ್ರ ಬರೆಯುವವರು ಬಂದರೆ ನೀರು ಕೊಟ್ಟು ಹೆಸರು ಕೇಳಿ. ಕೆಲಸ ಮುಗಿದ ಮೇಲೆ ಆ ಹೆಸರು ಗೋಡೆಯ ಮೂಲೆಯಲ್ಲಿದೆಯೇ ನೋಡಿ. ಶಾಸಕರ, ಗುತ್ತಿಗೆದಾರರ ಹೆಸರು ಇದ್ದು ಬರೆದವರದ್ದು ಇಲ್ಲದಿದ್ದರೆ ವಾರ್ಡ್ ಎಂಜಿನಿಯರ್‌ಗೆ ಒಂದು ಅರ್ಜಿ ಕೊಡಿ. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ನಿಮ್ಮ ಕಡೆಗಿದೆ.